ದರ್ಯಾಬಿಯನ್ನು ಮುಳುಗಿಸಿದ ಗೈಬುಸಾಬ

ಗೈಬುಸಾಬ ಈಗ ಮುದ್ದೇಬಿಹಾಳದ ಒಂದು ಕಟ್ಟಿಗೆ ಅಡ್ಡೆಯಲ್ಲಿ ಕೆಲಸಕ್ಕಿದ್ದಾನೆ. ಹಲಗೆ ಅಳೆಯುತ್ತಾನೆ, ಗಿರಾಕಿ ಬಂದರೆ ಎತ್ತಿ ಗಾಡಿಗೆ ಹಾಕುತ್ತಾನೆ. ಹೋದ ವರ್ಷ, ಅರವತ್ತೆಂಟರಲ್ಲಿ, ನಮ್ಮ ಕಡವಿನಹಾಳದ ಹತ್ತಿರ ಕೃಷ್ಣಾ ಹೊಳೆಗೆ ಸೇತುವೆ ಆಯಿತು. ಉದ್ಘಾಟನೆಗೆ ಬಂದವರು ಇಂಜಿನಿಯರನ ಹೆಸರು ಹೇಳಿದರು, ಜಾಗ ಬಿಟ್ಟುಕೊಟ್ಟ ಗೌಡರ ಹೆಸರನ್ನು ಎರಡು ಸಲ ಹೇಳಿದರು. ಅದಕ್ಕೂ ಮೊದಲು ಮೂವತ್ತು ವರ್ಷ ಎರಡೂ ದಂಡೆಯ ಜನರನ್ನು, ಎತ್ತುಗಳನ್ನು, ಬಾಣಂತಿಯರನ್ನು ದಾಟಿಸಿದ ನಾವೆಯ ಹೆಸರನ್ನು ಒಬ್ಬನೂ ಎತ್ತಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಏನೆನ್ನುತ್ತಾರೆ ಅಂತ ಗಾದೆಯೇ ಇದೆ. ನಾನು ಸಾಲಿ ಕಲಿಸುವವಳು, ಪೂರ್ತಿ ಹೇಳುವ ಹಾಗಿಲ್ಲ.

ನನ್ನ ಹೆಸರು ತುಳಸೀಬಾಯಿ. ಕಡವಿನಹಾಳದ ಲೆಕ್ಕಪತ್ರ ಬರೆಯುವ ತಲಾಠಿ ವಿಠ್ಠಲರಾಯನ ಮಗಳು. ಇಪ್ಪತ್ತಕ್ಕೆ ವಿಧವೆಯಾಗಿ ತವರಿಗೆ ಬಂದವಳು, ಮುಲ್ಕಿ ಪರೀಕ್ಷೆ ಪಾಸಾಗಿದ್ದರಿಂದ ಆಚೆ ದಂಡೆಯ ಹೆಣ್ಣುಮಕ್ಕಳ ಸಾಲಿಯಲ್ಲಿ ನೌಕರಿ ಸಿಕ್ಕಿತು. ನನಗೆ ಸಿಟ್ಟು ಬಹಳ. ಬಂದ ಸಿಟ್ಟು ಬೇಗ ಹೋಗುವುದೂ ಇಲ್ಲ. ಇದನ್ನು ಬರೆಯುತ್ತಿರುವುದೂ ಸಿಟ್ಟಿನಿಂದಲೇ. ಯಾರ ಮೇಲೆ ಎನ್ನುವುದು ಓದುತ್ತ ಓದುತ್ತ ತಿಳಿಯುತ್ತದೆ.

ಮೊದಲು ನಾವೆಯ ವಿಷಯ ಹೇಳಬೇಕು, ಯಾಕೆಂದರೆ ಗೈಬುಸಾಬನ ಬಾಳೆಲ್ಲ ಅದರ ಬೆನ್ನಿಗೇ ಕಟ್ಟಿದ್ದು. ಅದು ಹೊಳೆಯಲ್ಲಿ ಹುಟ್ಟಿದ ನಾವೆಯಲ್ಲ. ರತ್ನಾಗಿರಿಯ ಕಡೆ ಇಪ್ಪತ್ತು ವರ್ಷ ಸಮುದ್ರದ ದಂಡೆಗುಂಟ ಉಪ್ಪು, ಹೆಂಚು, ಒಣಮೀನು ಹೊತ್ತು ತಿರುಗಿದ ಹಡಗು. ಮೂವತ್ತೇಳನೆಯ ಇಸವಿಯಲ್ಲಿ ಕಡವಿನ, ಅಂದರೆ ಹೊಳೆ ದಾಟಿಸುವ, ಹಳೆಯ ಗುತ್ತಿಗೆದಾರ ಹಣ ಹಾಕಿದ, ಗೈಬುಸಾಬನ ಅಪ್ಪ ಮಶಾಕಸಾಬ ಘಟ್ಟ ಇಳಿದು ಹೋಗಿ ಅದನ್ನು ತಂದ. ಇಡೀ ಹಡಗನ್ನು ಬಿಚ್ಚಿ, ಒಂದೊಂದು ಹಲಗೆಗೂ ಉಳಿಯಿಂದ ಗುರುತು ಕೊರೆದು, ಹದಿನಾಲ್ಕು ಚಕ್ಕಡಿಗಳಲ್ಲಿ ಹೇರಿಕೊಂಡು ಬಂದ. ಆಗ ನನಗೆ ಏಳು ವರ್ಷ. ಚಕ್ಕಡಿ ಊರ ಮುಂದೆ ನಿಂತಾಗ ನಾವು ಹುಡುಗರೆಲ್ಲ ಹೋಗಿ ಹಲಗೆ ನೆಕ್ಕಿದೆವು. ಉಪ್ಪುಪ್ಪಾಗಿತ್ತು. ಹುಡುಗರೇನು, ಗೌಡರೂ ಯಾರೂ ನೋಡದ ಹೊತ್ತಿನಲ್ಲಿ ಒಂದು ಸಲ ನೆಕ್ಕಿ ನೋಡಿದರಂತೆ.

ಮಶಾಕಸಾಬ ಅಡಿಯ ದಪ್ಪ ತೊಲೆಯನ್ನು ತೆಗೆದು, ಹೊಳೆಗೆ ಒಗ್ಗುವ ಹಾಗೆ ತಳ ಅಗಲ ಮಾಡಿ ಮತ್ತೆ ಜೋಡಿಸಿದ. ಎರಡು ಚಕ್ಕಡಿ, ನಾಲ್ಕು ಎತ್ತು, ಮೂವತ್ತು ಮಂದಿ ಒಂದೇ ಸಲಕ್ಕೆ ದಾಟುತ್ತಿದ್ದರು. ದರ್ಯಾದಿಂದ, ಅಂದರೆ ಸಮುದ್ರದಿಂದ, ಬಂದವಳು ಅಂತ ಜನ ಅವಳಿಗೆ ದರ್ಯಾಬಿ ಅಂತಲೇ ಹೆಸರಿಟ್ಟರು. ಆಷಾಢದಿಂದ ಸಂಕ್ರಾಂತಿಯ ತನಕ ಅವಳ ಕೆಲಸ. ಆಮೇಲೆ ನೀರು ಇಳಿದು ಜನ ಕಾಲ್ನಡಿಗೆಯಲ್ಲೇ ದಾಟುವ ಹಾಗಾದಾಗ ಮಶಾಕಸಾಬ ಅವಳನ್ನು ಮುಳುಗಿಸಿಬಿಡುತ್ತಿದ್ದ.

ಹೌದು, ಮುಳುಗಿಸುತ್ತಿದ್ದ. ಬೇಸಿಗೆಯಲ್ಲೂ ಬತ್ತದ ಒಂದು ಮಡುವಿಗೆ ಅವಳನ್ನು ಒಯ್ದು, ಒಳಗೆ ಕಲ್ಲು ತುಂಬಿ, ತಳಕ್ಕೆ ಇಳಿಸುತ್ತಿದ್ದ. ನಮ್ಮ ಕಡೆಯ ಬಿಸಿಲು ಎಂಥದ್ದು ಅಂತ ಗೊತ್ತಿದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ಮರ ಒಣಗಿದರೆ ಹಲಗೆ ಸೆಟೆದು ಸಂದು ಬಿಡುತ್ತದೆ, ಒಳಗೆ ತುಂಬಿದ ಅರಳೆ ಉದುರುತ್ತದೆ. ನೀರಿನ ತಳದಲ್ಲಿ ಮಲಗಿದರೆ ಮರ ಉಬ್ಬಿಕೊಂಡೇ ಇರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಮಶಾಕಸಾಬ ಬಿಸ್ಮಿಲ್ಲಾ ಅಂತ ಮುಳುಗಿ ಒಂದೊಂದೇ ಕಲ್ಲು ತೆಗೆದು ಹೊರಗೆ ಹಾಕುತ್ತಿದ್ದ. ಹೊರೆ ಕಡಿಮೆಯಾದಂತೆ ಅವಳು ತಾನೇ ಏಳುತ್ತಿದ್ದಳು. ದಂಡೆಯ ಮೇಲೆ ಹೆಂಗಸರು ಕಾಯಿ ಒಡೆಯುತ್ತಿದ್ದರು.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡುತ್ತೇನೆ. ನಾವೆ ಬೇಕಾದವರು ದಂಡೆಯ ಮೇಲೆ ನಿಂತು ಕೂಗಬೇಕು. ಆಚೆಯವರಿಗೆ ಕೇಳಿಸಿದರೆ ಅಲ್ಲಿಂದ ಒಂದು ಬಿಳೀ ಅರಿವೆ ಬೀಸುತ್ತಾರೆ. ಅರಿವೆ ಬೀಸುವ ತನಕ ಕೂಗುತ್ತಲೇ ಇರಬೇಕು. ಬೀಸಿದ ಮೇಲೆ ಮಾತು ಮುಟ್ಟಿತು ಅಂತ ಲೆಕ್ಕ. ಹೆರಿಗೆ ಇರಲಿ, ಸಾವಿರಲಿ, ಆಚೆ ದಂಡೆಗೆ ಯಾವ ಸುದ್ದಿ ಮುಟ್ಟಿಸಬೇಕಾದರೂ ಇದೇ ಪದ್ಧತಿ. ಬೀಸಿದ ಅರಿವೆಯನ್ನು ಯಾರೂ ಆಮೇಲೆ ಇಲ್ಲ ಅನ್ನುವ ಹಾಗಿಲ್ಲ.

ಐವತ್ಮೂರನೆಯ ಇಸವಿಯಲ್ಲಿ ಕಡವಿನ ಗುತ್ತಿಗೆ ಸಿಂದಗಿ ಕಡೆಯ ಸಂಗಣ್ಣ ಸಾವ್ಕಾರನ ಪಾಲಾಯಿತು. ನಾವೆಯೂ ಅವನದಾಯಿತು. ಎರೆಹೊಲದ ಮನುಷ್ಯ, ಶೇಂಗಾದ ವ್ಯಾಪಾರ. ಹೊಳೆ ಅಂದರೆ ಅವನಿಗೆ ದೇವರ ಕೋಣೆಯ ತಂಬಿಗೆಯಲ್ಲಿದ್ದಷ್ಟೇ ನೀರು. ಬೇಸಿಗೆ ಬಂದಾಗ ಮಶಾಕಸಾಬ ಕಲ್ಲು ಹೊರುವುದನ್ನು ನೋಡಿ ಅವನು ಓಡಿ ಬಂದ. ಈಗ ಕೊಂಡ ಮಾಲನ್ನು ಕಣ್ಣೆದುರಿಗೆ ಮುಳುಗಿಸುವುದೆಂದರೆ! ಅಪಶಕುನ ಅಂತ ಕಿರುಚಿದ. ನಾವೆಯನ್ನು ಹದಿನಾರು ಎತ್ತು ಹೂಡಿ ದಂಡೆಗೆ ಎಳೆಸಿದ, ಮೇಲೆ ಚಪ್ಪರ ಹಾಕಿಸಿದ, ನೀಲಿ ಬಣ್ಣ ಬಳಿಸಿ ಮೂತಿಗೆ ತನ್ನ ಹೆಸರು ಬರೆಸಿದ, ಶುಕ್ರವಾರ ಶುಕ್ರವಾರ ಊದಿನಕಡ್ಡಿ ಬೇರೆ. ದರ್ಯಾಬಿಗೆ ಅಂಥ ಸತ್ಕಾರ ಹಿಂದೆಂದೂ ಆಗಿರಲಿಲ್ಲ. ಆ ಸತ್ಕಾರವೇ ಅವಳ ಕೊರಳು ಹಿಸುಕಿತು.

ಮೇ ತಿಂಗಳಲ್ಲಿ ಮಶಾಕಸಾಬ ನಮ್ಮ ಮನೆಗೆ ಬಂದ. ಅಪ್ಪ ಪಡಸಾಲೆಯಲ್ಲಿದ್ದ, ಸಂಗಣ್ಣನೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ. ನಾನು ಅಡಿಗೆಮನೆಯಲ್ಲಿದ್ದೆ. ಮಾತು ಒಂದೂ ಬಿಡದೆ ಕೇಳಿಸಿತು.

"ರಾಯರ, ನೀವರ ಸಾವ್ಕಾರ್ರಿಗೆ ತಿಳಿಸಿ ಹೇಳ್ರಿ. ಆಕಿ ದರ್ಯಾದಾಗ ಹುಟ್ಟಿದಾಕಿ, ಒಣಗಿದ್ರ ಸಾಯ್ತಾಳ. ಹಲಗಿ ಸಂದಿನ್ಯಾಗ ಬೆರಳು ಹೋಗಾಕತ್ತೈತಿ. ಈಗರ ಮುಳುಗಸೋಣ್ರಿ."

"ಮುಳುಗಸು ಅನ್ನೂ ಮಾತು ನನ್ನ ಮುಂದ ಆಡಬ್ಯಾಡ," ಅಂದ ಸಂಗಣ್ಣ. "ಸಂದಿಗೆ ಡಾಂಬರ ಹಾಕ್ಸೇನಿ. ಮುಗೀತು."

"ಎಂಟು ದಿನ ನೀರಾಗ ನೆನೀಲಿಕ್ಕರ ಬಿಡ್ರಿ ಮತ್ತ."

"ಮೊದಲ್ನೇ ಸಂತಿಗೇ ನಾವಿ ಹಾಯಬೇಕು. ನೀ ಹಾಯಸ್ತಿ ಇಲ್ಲಂದ್ರ ಬ್ಯಾರೆ ಮಂದಿ ಅದಾರ."

ಅಪ್ಪ ಚಹಾದ ಬಟ್ಟಲು ಕೆಳಗಿಟ್ಟ ಸಪ್ಪಳ ಮಾತ್ರ ಕೇಳಿಸಿತು.

ಬೇರೆ ಮಂದಿಗೆ ಹುಟ್ಟು ಕೊಟ್ಟರೆ ಇನ್ನೂ ಕೆಟ್ಟದ್ದಾಗುತ್ತದೆ ಅಂತ ಮಶಾಕಸಾಬನೇ ಹೊರಟ. ಜೂನ್ ತಿಂಗಳ ಸಂತೆಯ ದಿನ. ಆಚೆಯಿಂದ ಬರುವಾಗ ನಡುಹೊಳೆಯಲ್ಲಿ ಡಾಂಬರು ಕಿತ್ತು ಬಂತು, ನೀರು ಆರು ಕಡೆಯಿಂದ ನುಗ್ಗಿತು, ಎತ್ತು ಬೆದರಿ ಒಂದೇ ಮಗ್ಗುಲಿಗೆ ಸರಿದವು. ಏಳು ಮಂದಿ ಹೋದರು. ಮಶಾಕಸಾಬ ಮೂವರನ್ನು ಕೂದಲು ಹಿಡಿದು ಎಳೆದು ತಂದ. ಆಚೆ ದಂಡೆಯ ಶೇವಂತೆವ್ವನ ಗಂಡನೂ ಒಂಬತ್ತು ವರ್ಷದ ಮಗಳೂ ಆ ಏಳರಲ್ಲಿದ್ದರು.

ಪಂಚನಾಮೆ ಬರೆದವನು ನಮ್ಮಪ್ಪ. ನಾವಿಕನು ಶೆರೆ ಕುಡಿದು ಅಮಲಿನಲ್ಲಿದ್ದನು, ನಾವೆಯು ಸುಸ್ಥಿತಿಯಲ್ಲಿತ್ತು, ಅಂತ ಬರೆದ. ದಿನಕ್ಕೆ ಐದು ಸಲ ನಮಾಜು ಮಾಡುವವನು, ಹಬ್ಬದಲ್ಲಿ ಸಿಂದಿ ಕೊಟ್ಟರೂ ಮುಖ ತಿರುಗಿಸುವವನು ಶೆರೆ ಕುಡಿದಿದ್ದನಂತೆ. ನಾನು ಅಪ್ಪನನ್ನು ಕೇಳಿದೆ. "ಸರಕಾರದ ಕಾಗದ, ನಿನಗೇನು ತಿಳೀತದ ತುಳಸಾ," ಅಂದ. ನಾನು ಸುಮ್ಮನಾದೆ. ಸುಮ್ಮನಾದೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನಿಸುತ್ತದೆ.

ಮಶಾಕಸಾಬನಿಗೆ ಎಂಟು ತಿಂಗಳ ಸಜೆಯಾಯಿತು. ತಿರುಗಿ ಬಂದ ಮೇಲೆ ಒಂದು ವರ್ಷ ದಂಡೆಯ ಕಲ್ಲಿನ ಮೇಲೆ ಕೂತು ಹೊಳೆ ನೋಡಿದ, ಆಮೇಲೆ ಸತ್ತ. ಸುಗ್ಗಿಯಲ್ಲಿ ಎರಡೂ ದಂಡೆಯ ಹಳ್ಳಿಗಳು ನಾವಿಕನ ಮನೆಗೆ ಕೊಡುತ್ತಿದ್ದ ಜೋಳ ನಿಂತಿತ್ತು. ಅವನ ಹೆಂಡತಿ ಬಿಬಿಜಾನ ಶೇಂಗಾ ಸುಲಿಯುವ ಕೂಲಿಗೆ ಹೋದಳು. ಬಾವಿಯ ಹತ್ತಿರ ಹೆಂಗಸರು, ಕುಡುಕನ ಹೆಂಡತಿ ಮೊದಲು ತುಂಬಿಕೊಳ್ಳಲಿ, ಅಂತ ದಾರಿ ಬಿಡುತ್ತಿದ್ದರು. ಅಂಥ ಮರ್ಯಾದೆ ಶತ್ರುವಿಗೂ ಬೇಡ.

ಅದೇ ವರ್ಷ, ಮಶಾಕಸಾಬ ಜೇಲಿನಲ್ಲಿದ್ದಾಗಲೇ, ಸಂಗಣ್ಣ ದರ್ಯಾಬಿಯನ್ನು ರಿಪೇರಿ ಮಾಡಿಸಿದ್ದ. ನಡೆಸುವುದಕ್ಕೆ ಮತ್ಯಾರಿಗೂ ಬರದೆ ಗೈಬುಸಾಬನನ್ನೇ ಕರೆದ. ಆಗ ಗೈಬುಸಾಬನಿಗೆ ಇಪ್ಪತ್ನಾಲ್ಕು, ನನಗಿಂತ ಒಂದು ವರ್ಷಕ್ಕೆ ದೊಡ್ಡವ. ಅವನು ಒಪ್ಪಿಕೊಂಡ! ಊರು ಉಗುಳಿತು. ಬಿಬಿಜಾನ ಮಗನ ಸಂಗಡ ಮಾತು ಬಿಟ್ಟಳು. ಒಂದೇ ಸೂರಿನ ಕೆಳಗೆ ಎರಡು ಒಲೆ. ನಾವೆಯಿಂದ ಬಂದ ಒಂದು ಕಾಳನ್ನೂ ಅವಳು ಮುಟ್ಟಲಿಲ್ಲ, ನಾವೆಗೆ ಕಾಲೂ ಇಡಲಿಲ್ಲ.

ಮೊದಲ ಬೇಸಿಗೆಯಲ್ಲೇ ಸಂಗಣ್ಣ ಗೈಬುಸಾಬನನ್ನು ಕರೆದು, ದನಿ ಇಳಿಸಿ, "ಅದನ್ನ ಮುಳುಗಿಸಿಬಿಡಪ್ಪ," ಅಂದನಂತೆ. ನೋಡಿ ಮತ್ತೆ. ಬಾಯಿ ಒಪ್ಪದ್ದನ್ನು ಹುಕುಮು ಒಪ್ಪಿತ್ತು. ಮಶಾಕಸಾಬ ಹೇಳಿದ್ದೇ ಖರೆ ಅಂತ ಅವನಿಗೆ ಗೊತ್ತಿತ್ತು, ಪ್ರತಿ ವರ್ಷ ಬೇಸಿಗೆಗೊಮ್ಮೆ ಗೊತ್ತಾಗುತ್ತಿತ್ತು.

ಅದೇ ಐವತ್ಮೂರರ ಜುಲೈಯಲ್ಲಿ ನನಗೆ ನೌಕರಿಯಾಗಿತ್ತು. ನಾವೆ ರಿಪೇರಿಯಾದಂದಿನಿಂದ ದಿನಾ ಬೆಳಿಗ್ಗೆ ಗೈಬುಸಾಬನ ನಾವೆಯಲ್ಲಿ ಹೋಗಿ ಸಂಜೆಗೆ ತಿರುಗಿ ಬರುತ್ತಿದ್ದೆ. ಎತ್ತರದ ಆಳು, ಮಾತು ಕಡಿಮೆ. ಹುಟ್ಟು ಹಾಕುವಾಗ ಕಣ್ಣು ಸದಾ ಹಲಗೆಯ ಸಂದಿನ ಮೇಲೆ. ಆಚೆ ದಂಡೆಯ ಕಲ್ಲಿನ ಹತ್ತಿರ ಶೇವಂತೆವ್ವ ಹುರಿದ ಶೇಂಗಾ ಮಾರುತ್ತ ಕೂಡುತ್ತಿದ್ದಳು. ದಿನವೆಲ್ಲ ಅಲ್ಲೇ ಇರುವವಳಾದ್ದರಿಂದ ಬಿಳೀ ಅರಿವೆ ಅವಳ ಹತ್ತಿರವೇ ಇರುತ್ತಿತ್ತು. ನಾವೆ ದಂಡೆಗೆ ಹತ್ತಿದ ಕೂಡಲೇ ಅವಳು ಒಂದು ಹಿಡಿ ಮಣ್ಣು ತೆಗೆದು ಗೈಬುಸಾಬನ ಕಡೆ ತೂರುತ್ತಿದ್ದಳು. "ನಿಮ್ಮಪ್ಪನ ಗೋರಿ ಮ್ಯಾಲ ನಾಯಿ ಮಲಗಲಿ," ಅನ್ನುತ್ತಿದ್ದಳು. ದಿನಾ. ಹನ್ನೊಂದು ವರ್ಷ. ಅವನು ಮುಖ ಒರೆಸಿಕೊಂಡು ಮಂದಿಯನ್ನು ಇಳಿಸುತ್ತಿದ್ದ.

ಒಂದು ಸಲ ನನಗೇ ತಡೆಯಲಿಲ್ಲ. "ಗೈಬುಸಾಬ, ನಿನಗ ಸಿಟ್ಟ ಬರೂದಿಲ್ಲೇನೋ?" ಅಂದೆ.

"ಬರ್ತೈತ್ರಿ ಅಕ್ಕೋರ," ಅಂದ. "ಆದ್ರ ಆಕಿ ಮ್ಯಾಲಲ್ಲ."

"ಮತ್ತ ಅವನ ಕೈಯಾಗ ಯಾಕ ದುಡೀತಿ?"

"ನಾವಿ ಬಿಟ್ರ ನನ್ನ ಕೈಯಾಗ ಏನು ಉಳೀತೈತ್ರಿ?"

ನಾನು ಆಗ ಅದನ್ನು ಹೊಟ್ಟೆಪಾಡಿನ ಮಾತು ಅಂದುಕೊಂಡೆ. ಅಕ್ಷರ ಕಲಿತ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ.

ಅರವತ್ನಾಲ್ಕರ ಜನವರಿಯಲ್ಲಿ ಸೇತುವೆಯ ಸರ್ವೆಯವರು ಬಂದು ದಂಡೆಯ ಮೇಲೆ ಗೂಟ ನೆಟ್ಟರು. ಗೈಬುಸಾಬ ಆ ಗೂಟಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ಸೇತುವೆ ಬಂದರೆ ದರ್ಯಾಬಿ ಇಲ್ಲ. ದರ್ಯಾಬಿ ಇಲ್ಲದಿದ್ದರೆ ಸಂಗಣ್ಣನಿಗೆ ಅವನ ಗರಜು ಇಲ್ಲ. ಮುಂದಿನ ತಿಂಗಳು ಅವಳನ್ನು ಮುಳುಗಿಸುವಾಗ ಅವನು ಯಾವಾಗಿನ ಮಡುವಿಗೆ ಒಯ್ಯಲಿಲ್ಲ. ತನ್ನ ಕಾಕಾನ ಮಗ ದಾವಲಮಲಿಕನನ್ನು ಒಬ್ಬನನ್ನೇ ಕರೆದುಕೊಂಡು, ಊರೆಲ್ಲ ಗದ್ದುಗೆಯ ಉರುಸಿಗೆ ಹೋಗಿದ್ದ ದಿನ, ಹೊಳೆಗುಂಟ ಮೇಲಕ್ಕೆ ಎಲ್ಲಿಗೋ ಸಾಗಿಸಿ ಇಳಿಸಿದ. ದಾವಲಮಲಿಕನ ಬಾಯಿ ಬಿಡಿಸುವುದಕ್ಕಿಂತ ಬಂಡೆಯ ಬಾಯಿ ಬಿಡಿಸುವುದು ಸಲೀಸು.

ಜೂನ್ ಬಂತು, ಹೊಸ ನೀರು ಬಂತು. ಸಂಗಣ್ಣ ಹೊಸ ರುಮಾಲು ಸುತ್ತಿಕೊಂಡು ಕಾಯಿ ಹಿಡಿದು ಬಂದ. ಗೈಬುಸಾಬ ತನ್ನ ಅಪ್ಪ ಕೂಡುತ್ತಿದ್ದ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏಳೋ, ನಾವಿ ಎತ್ತು."

"ಎತ್ತೂದಿಲ್ರಿ."

"ಹಂಗಂದ್ರ?"

"ಮಂದಿ ಮುಂದ ಒಂದು ಮಾತು ಕೂಗ್ರಿ, ಎತ್ತತೇನಿ. ಮಶಾಕಸಾಬ ಹೇಳಿದ್ದ, ನಾ ಕೇಳ್ಲಿಲ್ಲ, ಅಂವ ಕುಡದಿರ್ಲಿಲ್ಲ. ಇಷ್ಟ. ಆಚಿ ದಂಡಿಗೆ ಮುಟ್ಟಬೇಕು. ಅರಿವಿ ಬೀಸಬೇಕು."

ಸಂಗಣ್ಣನ ಮುಖ ರುಮಾಲಿನಷ್ಟೇ ಕೆಂಪಾಯಿತು. ಪೊಲೀಸರನ್ನು ಕರೆಸುತ್ತೇನೆ ಅಂದ.

"ಕರಸ್ರಿ. ನಿಮ್ಮ ಹುಕುಮಿನ ಪ್ರಕಾರನ ಮುಳುಗಿಸೇನಿ. ಎಲ್ಲಿ ಮುಳುಗಸು ಅಂತ ನೀವು ಹೇಳಿರ್ಲಿಲ್ಲ."

ಇದನ್ನು ಕೇಳಿ ಮಂದಿ ನಕ್ಕರು. ನಾನೂ ನಕ್ಕೆ, ಸೆರಗು ಬಾಯಿಗೆ ಒತ್ತಿಕೊಂಡು. ಹನ್ನೊಂದು ವರ್ಷದಲ್ಲಿ ಆ ಹೊಳೆಯ ದಂಡೆಯಲ್ಲಿ ನಾನು ನಕ್ಕದ್ದು ಅದೇ ಮೊದಲು.

ಸಂಗಣ್ಣ ಈಸು ಬಲ್ಲವರನ್ನು ಕರೆಸಿ ಮೂರು ದಿನ ಹುಡುಕಿಸಿದ. ಹಳೆಯ ಮಡುವಿನಲ್ಲಿ ಅವರಿಗೆ ಸಿಕ್ಕಿದ್ದು ಒಂದು ಒಡೆದ ಗಡಿಗೆ, ಎರಡು ಆಮೆ. ನೀರು ದಿನಕ್ಕೊಂದು ಮೊಳ ಏರುತ್ತಿತ್ತು, ರಾಡಿಯಾಗುತ್ತಿತ್ತು. ಇನ್ನೆರಡು ದಿನ ಹೋದರೆ ಮರಳು ತುಂಬಿ ನಾವೆ ಅಲ್ಲೇ ಹೂತು ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ಸಂಗಣ್ಣನ ಗುತ್ತಿಗೆಯೂ ಹೋಗುತ್ತದೆ. ಗೈಬುಸಾಬನಿಗೂ ಅದು ಗೊತ್ತಿತ್ತು. ಅವನ ಅಪ್ಪ ಹದಿನಾಲ್ಕು ಚಕ್ಕಡಿಯಲ್ಲಿ ತಂದ ಸೊತ್ತು ಅದು. ಆ ಮೂರು ದಿನ ಅವನು ಒಂದು ತುತ್ತು ಉಂಡದ್ದನ್ನು ಯಾರೂ ನೋಡಲಿಲ್ಲ, ಬರೀ ಬೀಡಿ. ಕಳೆದುಕೊಳ್ಳುವುದಕ್ಕೆ ತಯಾರಾಗಿ ಕೂತಿದ್ದ.

ನಾಲ್ಕನೆಯ ದಿನ ಸಂತೆ. ಹೂವಿನ ಹಿಪ್ಪರಗಿ, ಮಸೂತಿಯ ಕಡೆಯಿಂದ ಬಂದ ಚಕ್ಕಡಿಗಳು ಈಚೆ ದಂಡೆಯಲ್ಲಿ ಸಾಲಾಗಿ ನಿಂತವು. ಆಚೆ ದಂಡೆಯಲ್ಲೂ ಅಷ್ಟೇ ಮಂದಿ. ಬಿಸಿಲು ಏರಿತು. ಮೊದಮೊದಲು ಗೈಬುಸಾಬನಿಗೆ ಬೈಯುತ್ತಿದ್ದ ಮಂದಿ ಆಮೇಲೆ ಸಂಗಣ್ಣನ ಕಡೆ ತಿರುಗಿದರು. "ಮೂರು ಮಾತಲ್ರಿ ಸಾವ್ಕಾರ್ರ, ಒದರಿಬಿಡ್ರಿ! ಎಳೀ ಬದನಿಕಾಯಿ ಬಾಡಾಕತ್ತಾವು!" ನ್ಯಾಯಕ್ಕೆ ಯಾರೂ ಬಾಯಿ ಬಿಟ್ಟಿರಲಿಲ್ಲ, ಬದನೆಕಾಯಿಗೆ ಬಿಟ್ಟರು. ಮಂದಿ ಅಂದರೆ ಇಷ್ಟೇ.

ಸಂಗಣ್ಣ ದಂಡೆಯ ತುದಿಗೆ ಹೋದ. ಕೆಮ್ಮಿದ. ಬಾಯಿಯೊಳಗೇ ಏನೋ ಅಂದ.

"ಗಂಟಲಿನಿಂದಲ್ರಿ," ಅಂದ ಗೈಬುಸಾಬ, ಕೂತಲ್ಲಿಂದಲೇ. "ಹೊಟ್ಟಿಯಿಂದ ಕೂಗಬೇಕು. ಕೈ ಬಾಯಿಗೆ ಹಿಡೀರಿ."

ಸಂಗಣ್ಣ ಕೈ ಹಿಡಿದ, ಕೂಗಿದ. "ಮಶಾಕಸಾಬ ಹೇಳಿದ್ದ! ನಾ ಕೇಳ್ಲಿಲ್ಲ! ಅಂವ ಕುಡದಿರ್ಲಿಲ್ಲ!"

ಆಚೆ ದಂಡೆಯಲ್ಲಿ ಅಲ್ಲಿಯವರೆಗೆ ಗಲಗಲ ಅನ್ನುತ್ತಿದ್ದ ಅಷ್ಟು ಮಂದಿ ಬಾಯಿ ಮುಚ್ಚಿದರು. ಕಲ್ಲಿನ ಮೇಲೆ ಶೇವಂತೆವ್ವ ಎದ್ದು ನಿಂತದ್ದು ಕಾಣಿಸಿತು, ಕೈಯಲ್ಲಿ ಬಿಳೀ ಅರಿವೆ. ಬೀಸಲಿಲ್ಲ. ಅವಳ ದನಿ ನೀರಿನ ಮೇಲೆ ತೇಲಿ ಬಂತು.

"ಕೇಳಸವಲ್ದೂ..."

ಕೇಳಿಸುತ್ತಿಲ್ಲವಂತೆ. ಸಂಗಣ್ಣ ಮತ್ತೆ ಕೂಗಿದ.

"ಕೇಳಸವಲ್ದೂ..."

ಮೂರನೆಯ ಸಲ, ನಾಲ್ಕನೆಯ ಸಲ. ರುಮಾಲು ಬಿಚ್ಚಿ ಹೆಗಲಿಗೆ ಬಿತ್ತು. ಏಳನೆಯ ಕೂಗಿಗೆ ಅವನ ಗಂಟಲು ಒಡೆದು ಕುರಿಯ ದನಿಯಾಯಿತು. ಈಚೆ ದಂಡೆಯಲ್ಲಿ ಯಾರೂ ನಗಲಿಲ್ಲ. ಏಳು ಕೂಗು ಅಂತ ಲೆಕ್ಕ ಹಾಕಿದವಳು ನಾನೊಬ್ಬಳೇ ಇರಲಿಕ್ಕಿಲ್ಲ. ನನಗೆ ಮಾತ್ರ ಆನಂದವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೂ ಕೂಗಲಿ, ರಕ್ತ ಬರಲಿ ಅಂತ ಹಲ್ಲು ಕಚ್ಚಿ ನಿಂತಿದ್ದೆ.

ಏಳರ ಮೇಲೆ ಅರಿವೆ ಎದ್ದಿತು. ಒಂದೇ ಸಲ ಬೀಸಿ ಕೆಳಗೆ ಬಿತ್ತು.

ಗೈಬುಸಾಬ ಬೀಡಿ ಆರಿಸಿ ಎದ್ದ. ಹೊಳೆಗೆ ಇಳಿಯುವ ಮೊದಲು ತಿರುಗಿ ನೋಡಿದ. ಮಂದಿಯ ಹಿಂದೆ ಬಿಬಿಜಾನ ನಿಂತಿದ್ದಳು. ಹನ್ನೊಂದು ವರ್ಷದ ಮೇಲೆ ತಾಯಿ ಮಗನಿಗೆ ಆಡಿದ ಮೊದಲ ಮಾತು ನನ್ನ ಕಿವಿಯಾರೆ ಕೇಳಿದೆ. "ಹೋಗು, ನಿಮ್ಮಪ್ಪನ ನಾವಿ ತಗೊಂಡ ಬಾ."

ಅವನೂ ದಾವಲಮಲಿಕನೂ ಹೊಳೆಗುಂಟ ಮೇಲಕ್ಕೆ ಓಡಿದರು. ಮಂದಿಯೂ ಹಿಂದೆಯೇ ಓಡಿತು. ದಂಡೆ ಅರ್ಧ ಖಾಲಿಯಾಯಿತು. ಸಂಗಣ್ಣ ಕಲ್ಲಿನ ಮೇಲೆ ಕುಸಿದು ಕೂತ. ಅಷ್ಟರಲ್ಲಿ ನಮ್ಮಪ್ಪ ಕೊಡೆ ಊರಿಕೊಂಡು ಅವನ ಹತ್ತಿರ ಹೋಗಿ, "ಹೋಗ್ಲಿ ಬಿಡ್ರಿ ಸಾವ್ಕಾರ್ರ, ಮನೀಗೆ ನಡೀರಿ," ಅಂದ. ಹಿಂದೆಯೇ ನಾನಿದ್ದೆ. ಬಿಬಿಜಾನಳೂ ಎರಡು ಮಾರಿನಾಚೆಗೆ ನಿಂತಿದ್ದಳು.

ಸಂಗಣ್ಣ ತಲೆ ಎತ್ತಿದ. ದನಿಯೇ ಇರಲಿಲ್ಲ, ಬರೀ ಗಾಳಿ. "ರಾಯರ, ನಾ ಕೂಗಿದ್ನಿ. ನೀವೂ ಒಂದ್ ಕೂಗು ಕೂಗ್ರಿ. ಪಂಚನಾಮಿ ನಾ ಬರದಿಲ್ಲ. ಮಗಳಿಗೆ ನೌಕರಿ ಕೊಡಸ್ರಿ, ಹೆಂಗ ಬೇಕಾದಂಗ ಬರೀತೇನಿ ಅಂದಾವ್ರು ಯಾರು?"

ಅಪ್ಪ ಕೊಡೆ ಬಿಚ್ಚಿದ. ಮಳೆ ಇರಲಿಲ್ಲ. ಬಿಚ್ಚಿದ ಕೊಡೆಯ ಕೆಳಗೆ ಮುಖ ಮರೆಮಾಡಿಕೊಂಡು ಮನೆಯ ಕಡೆ ನಡೆದ.

ಬಿಬಿಜಾನ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ.

ಮೂರು ತಾಸಿನ ಮೇಲೆ ದರ್ಯಾಬಿ ಮೈಯೆಲ್ಲ ಪಾಚಿ ಮೆತ್ತಿಕೊಂಡು ಬಂದಳು. ಮೂತಿಯ ಮೇಲಿನ ಸಂಗಣ್ಣನ ಹೆಸರು ಪೂರ್ತಿ ಕೊಚ್ಚಿಹೋಗಿತ್ತು. ಒಂದು ಹನಿ ನೀರು ಒಳಗೆ ಬರುತ್ತಿರಲಿಲ್ಲ. ಬಿಬಿಜಾನ ಎಲ್ಲರಿಗಿಂತ ಮೊದಲು ಹತ್ತಿ, ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ಕೂತಳು. ಆ ದಿನ ನಾನು ದಾಟಲಿಲ್ಲ.

ಮನೆಗೆ ಹೋಗಿ ಟ್ರಂಕಿನಿಂದ ನೌಕರಿಯ ಆರ್ಡರು ತೆಗೆದು ತಾರೀಖು ನೋಡಿದೆ. ಪಂಚನಾಮೆಯಾಗಿ ಐದು ವಾರ. ಹನ್ನೊಂದು ವರ್ಷ ಮಕ್ಕಳಿಗೆ ಕೂಡಿಸುವ ಲೆಕ್ಕ ಕಲಿಸಿದ್ದೆ, ಇದೊಂದನ್ನು ಕೂಡಿಸಿ ನೋಡಿರಲಿಲ್ಲ. ನೋಡಬಾರದು ಅಂತಲೇ ನೋಡಿರಲಿಲ್ಲ ಅಂತ ಈಗ ಅನಿಸುತ್ತದೆ. ಅಪ್ಪನನ್ನು ಕೇಳಿದೆ. "ನಾನು ಸತ್ತ ಮ್ಯಾಲೆ ನಿನಗ ಯಾರು ಕೂಳು ಹಾಕತಿದ್ರು?" ಅಂದ. ಅಷ್ಟೇ ಅಂದ, ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ದಂಡೆಗೆ ಹೋದೆ. ಹತ್ತಬೇಕೋ ತಿರುಗಬೇಕೋ ತಿಳಿಯದೆ ನಿಂತೆ. ಬಿಬಿಜಾನ ಮಗನಿಗೆ ಎಲ್ಲ ಹೇಳಿರುತ್ತಾಳೆ, ಹೇಳದೆ ಇರುತ್ತಾಳೆಯೇ? ಅವನು ಏನಾದರೂ ಅನ್ನಲಿ ಅಂತ ಕಾದೆ. ಬೈಯಲಿ, ಎಲ್ಲರೆದುರು ಇಳಿಸಲಿ, ನೀವೂ ಕೂಗ್ರಿ ಅನ್ನಲಿ.

"ಹತ್ರಿ ಅಕ್ಕೋರ," ಅಂದ ಗೈಬುಸಾಬ. "ಸಾಲಿಗೆ ಹೊತ್ತಾತು."

ಆಚೆ ದಂಡೆಯಲ್ಲಿ ಶೇವಂತೆವ್ವ ಮಣ್ಣು ತೂರಲಿಲ್ಲ. ಸೆರಗಿನಲ್ಲಿ ಕಟ್ಟಿದ್ದ ಶೇಂಗಾ ಬಿಚ್ಚಿ ಗೈಬುಸಾಬನ ಉಡಿಗೆ ಸುರಿದಳು. ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡ. ನಾನು ಇಳಿಯುವಾಗ ಅವಳು ನನ್ನ ಕೈ ಹಿಡಿದು ಹೇಳಿದಳು. "ನನಗ ಮೊದಲ್ನೇ ಕೂಗೇ ಕೇಳಿತ್ರಿ ಅಕ್ಕೋರ. ನಮ್ಮವ್ರು ಏಳ ಮಂದಿ ಹೋಗ್ಯಾರ. ಒಬ್ಬೊಬ್ರಿಗೆ ಒಂದೊಂದು ಕೂಗಸಿದ್ನಿ."

ಸೇತುವೆ ಬರುವ ತನಕ ಇನ್ನೂ ನಾಲ್ಕು ವರ್ಷ ಗೈಬುಸಾಬ ನನ್ನನ್ನು ದಾಟಿಸಿದ. ಸುಗ್ಗಿಯ ಜೋಳ ಮತ್ತೆ ಅವನ ಮನೆಗೆ ಬರತೊಡಗಿತು, ಎರಡು ಒಲೆ ಒಂದಾದವು. ಸಂಗಣ್ಣ ಹೊಳೆಯ ಕಡೆ ಮುಖ ಹಾಕಲಿಲ್ಲ. ದಿನಾ ಬೆಳಿಗ್ಗೆ ಅದೇ ಮಾತು, ಹತ್ರಿ ಅಕ್ಕೋರ. ಅದರಾಚೆಗೆ ಒಂದಕ್ಷರವಿಲ್ಲ. ಕ್ಷಮಿಸಿದನೋ, ಅದೇ ಅವನ ಸೇಡೋ, ನನಗೆ ಇವತ್ತಿಗೂ ತಿಳಿದಿಲ್ಲ. ಮಣ್ಣು ತೂರಿದ್ದರೆ ಒರೆಸಿಕೊಳ್ಳಬಹುದಿತ್ತು. ಸೇತುವೆ ಆದ ಬೇಸಿಗೆಯಲ್ಲಿ ಅವನು ದರ್ಯಾಬಿಯನ್ನು ತನ್ನ ಅಪ್ಪನ ಮಡುವಿನಲ್ಲಿ ಕಲ್ಲು ತುಂಬಿ ಇಳಿಸಿದ. ಮತ್ತೆ ಎತ್ತಲಿಲ್ಲ.

ಅಪ್ಪ ಇನ್ನೂ ಇದ್ದಾನೆ. ಎಪ್ಪತ್ತಾಗಿದೆ, ಪಡಸಾಲೆಯ ತೂಗುಮಂಚದ ಮೇಲೆ ಮಲಗಿರುತ್ತಾನೆ. ಕಿವಿ ಮಂದ ಅನ್ನುತ್ತಾನೆ, ಆದರೆ ಬೀದಿಯಲ್ಲಿ ಹಾಲಿನವನು ಬಂದರೆ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಬಾಗಿಲು ಅಗಲಕ್ಕೆ ತೆರೆದಿಟ್ಟೆ. ಅವನ ಎದುರು ಕುರ್ಚಿ ಹಾಕಿಕೊಂಡು ಇಲ್ಲಿಯ ತನಕ ಬರೆದದ್ದನ್ನು ಹೊಟ್ಟೆಯಿಂದ ದನಿ ತೆಗೆದು ಓದಿದೆ. ಮಶಾಕಸಾಬ ಕುಡಿದಿರಲಿಲ್ಲ, ವಿಠ್ಠಲರಾಯ ಸುಳ್ಳು ಬರೆದ, ಆ ಸುಳ್ಳಿನ ಅನ್ನ ತುಳಸೀಬಾಯಿ ಉಂಡಳು. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಓದಿ ಮುಗಿಸಿ ಅಪ್ಪನ ಮುಖ ನೋಡಿದೆ.

"ಏನ್ ಓದಿದ್ಯವಾ ತುಳಸಾ?" ಅಂದ. "ಕೇಳಸವಲ್ದು."

ಮೊದಲ ಸಲಕ್ಕೇ ಕೇಳಿದೆ ಅಂತ ನನಗೆ ಗೊತ್ತು. ಇನ್ನು ಆರು ಸಲ ಓದುತ್ತೇನೆ.